ಹಲ್ಲಿನ ಪಾಚಿಯಲ್ಲಿ ಹೊಸ ಲೋಕವನ್ನು ಕಂಡ ಬಟ್ಟೆ ವ್ಯಾಪಾರಿ: ಆಂಟನಿ ವಾನ್ ಲೀವೆನ್‌ಹಾಕ್

ನಮ್ಮ ಶಾಲೆಯು ನೂರು ವಸಂತಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ ನಮ್ಮ ಮನಸ್ಸಿನಲ್ಲಿ ಅನೇಕ ಹೆಸರುಗಳು ಸುಳಿದುಹೋದವು. ನಮ್ಮ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಜನಿಸಿ ದೇಶದ ಗವರ್ನರ್ ಜನರಲ್ ಹುದ್ದೆಗೇರಿದ ರಾಜಾಜಿಯವರಿದ್ದಾರೆ. ಕನ್ನಡ ನುಡಿಗಾಗಿ ಬಾಳು ಸವೆಸಿದ ಹಿರಿಯರಿದ್ದಾರೆ. ಅವರನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೇ ಇರುವುದರಿಂದ, ನಾವು ಏಳು ಸಮುದ್ರಗಳಾಚೆಯ ಒಬ್ಬ ಬಟ್ಟೆ ವ್ಯಾಪಾರಿಯನ್ನು ಆರಿಸಿಕೊಂಡೆವು. ಎಲ್ಲರೂ ಶಾಲೆಯ ವಿಜ್ಞಾನ ಪಠ್ಯದಲ್ಲಿ ಒಮ್ಮೆ ಓದಿ ಮರೆತಿರಬಹುದಾದ ಹೆಸರು ಅದು: ಆಂಟನಿ ವಾನ್ ಲೀವೆನ್‌ಹಾಕ್.

ಈ ಆಯ್ಕೆಗೆ ಕಾರಣಗಳು ಮೂರು. ಮೊದಲನೆಯದು, ಲೀವೆನ್‌ಹಾಕರಿಗೆ ತಮ್ಮ ತಾಯಿನುಡಿಯನ್ನು ಬಿಟ್ಟು ಬೇರೊಂದು ಭಾಷೆ ಬರುತ್ತಿರಲಿಲ್ಲ. ಎರಡನೆಯದು, ಅವರ ಅತಿ ದೊಡ್ಡ ಶೋಧನೆಗಳಲ್ಲಿ ಒಂದು ನಡೆದದ್ದು ಅವರ ಬಾಯಿಯಲ್ಲಿಯೇ. ಮೂರನೆಯದು ನಮ್ಮದೇ ಒಂದು ಹಳೆಯ ಋಣ. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇವೆ.

ಬಾಲ್ಯ ಮತ್ತು ವೃತ್ತಿ

ಲೀವೆನ್‌ಹಾಕರು 1632ರ ಅಕ್ಟೋಬರ್ 24ರಂದು ನೆದರ್‌ಲೆಂಡ್ಸ್ ದೇಶದ ಡೆಲ್ಫ್ಟ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಬುಟ್ಟಿ ಹೆಣೆಯುವ ವೃತ್ತಿಯವರು. ಮಗು ಐದು ವರ್ಷದ್ದಾಗಿರುವಾಗಲೇ ತಂದೆ ತೀರಿಕೊಂಡರು. ತಾಯಿ ಕೆಲಕಾಲದ ನಂತರ ಒಬ್ಬ ಚಿತ್ರಕಾರರನ್ನು ಮರುವಿವಾಹವಾದರು. ಬಾಲಕ ಆಂಟನಿ ವಾರ್ಮಂಡ್ ಎಂಬ ಊರಿನ ಶಾಲೆಯಲ್ಲಿ ಸ್ವಲ್ಪಕಾಲ ಓದಿ, ಅನಂತರ ಬಂಧುವೊಬ್ಬರ ಮನೆಯಲ್ಲಿ ಬೆಳೆದನು. ಅಂದಿನ ಯೂರೋಪಿನಲ್ಲಿ ವಿದ್ವಾಂಸರ ಭಾಷೆ ಲ್ಯಾಟಿನ್. ಆ ಭಾಷೆಯನ್ನು ಕಲಿಯದವನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತಿರಲಿಲ್ಲ. ಆಂಟನಿ ಲ್ಯಾಟಿನ್ ಕಲಿಯಲಿಲ್ಲ. ಹದಿನಾರನೆಯ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮ್ ನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು.

1654ರಲ್ಲಿ ಹುಟ್ಟೂರಿಗೆ ಮರಳಿದ ಲೀವೆನ್‌ಹಾಕರು ಬಾರ್ಬರಾ ಎಂಬವರನ್ನು ವಿವಾಹವಾಗಿ ಸ್ವಂತ ಜವಳಿ ಅಂಗಡಿ ತೆರೆದರು. ಸಂಸಾರದಲ್ಲಿ ಸಾವುಗಳು ಒಂದರ ಹಿಂದೆ ಒಂದು ಬಂದವು. ಐವರು ಮಕ್ಕಳಲ್ಲಿ ಬದುಕುಳಿದವಳು ಮರಿಯಾ ಎಂಬ ಮಗಳೊಬ್ಬಳೇ. 1666ರಲ್ಲಿ ಪತ್ನಿಯೂ ಅಗಲಿದರು. 1671ರಲ್ಲಿ ಕೊರ್ನೆಲಿಯಾ ಅವರನ್ನು ಮದುವೆಯಾದರು. ಇದಕ್ಕೂ ಮೊದಲೇ, 1660ರಲ್ಲಿ, ಪುರಭವನದ ನ್ಯಾಯಾಧಿಕಾರಿಗಳ ಕೊಠಡಿಯ ಉಸ್ತುವಾರಿಯ ಕೆಲಸ ಅವರಿಗೆ ದೊರೆತಿತ್ತು. ಕೊಠಡಿಯ ಬಾಗಿಲು ತೆರೆಯಿಸುವುದು, ಚಳಿಗಾಲದಲ್ಲಿ ಒಲೆ ಹೊತ್ತಿಸುವುದು, ಶುಚಿಯಾಗಿಡುವುದು ಇವೇ ಮೊದಲಾದವು ಆ ಹುದ್ದೆಯ ಹೊಣೆಗಳು. ಮುಂದೆ ಅವರು ಭೂಮಾಪಕರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪಟ್ಟಣಕ್ಕೆ ಬರುವ ದ್ರಾಕ್ಷಾರಸದ ಪೀಪಾಯಿಗಳನ್ನು ಅಳೆಯುವ ಅಧಿಕಾರಿಯೂ ಆದರು. ಅಳೆಯುವುದು ಅವರ ಕೈಗೆ ಅಂಟಿದ ಅಭ್ಯಾಸವಾಯಿತು. ಈ ಅಭ್ಯಾಸವೇ ಮುಂದೆ ವಿಜ್ಞಾನಕ್ಕೆ ಒದಗಿಬಂದಿತು.

ಮಸೂರದ ಮಾಯೆ

ಬಟ್ಟೆಯ ನೂಲು ಎಷ್ಟು ಒತ್ತಾಗಿದೆಯೆಂದು ತಿಳಿಯಲು ಅಂದಿನ ವ್ಯಾಪಾರಿಗಳು ಭೂತಗನ್ನಡಿಯನ್ನು ಬಳಸುತ್ತಿದ್ದರು. ಲೀವೆನ್‌ಹಾಕರು ಅಷ್ಟಕ್ಕೇ ತೃಪ್ತರಾಗದೆ ತಾವೇ ಮಸೂರಗಳನ್ನು ತಯಾರಿಸತೊಡಗಿದರು. ಅವರ ಸೂಕ್ಷ್ಮದರ್ಶಕವನ್ನು ಕಂಡರೆ ನಮ್ಮ ಪ್ರಯೋಗಶಾಲೆಯ ಮಕ್ಕಳು ನಗಬಹುದು. ಹಿತ್ತಾಳೆಯ ಅಥವಾ ಬೆಳ್ಳಿಯ ಎರಡು ಸಣ್ಣ ತಗಡುಗಳು, ಅವುಗಳ ನಡುವೆ ಕೂರಿಸಿದ ಮಣಿಯಂತಹ ಒಂದೇ ಒಂದು ಮಸೂರ, ವಸ್ತುವನ್ನು ಚುಚ್ಚಿ ನಿಲ್ಲಿಸಲು ಒಂದು ಮೊನೆ, ಅದನ್ನು ಹಿಂದೆಮುಂದೆ ಸರಿಸಲು ತಿರುಪು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಅದನ್ನು ಕಣ್ಣಿಗೆ ಒತ್ತಿಹಿಡಿದು ಬೆಳಕಿನತ್ತ ನೋಡಬೇಕು. ಉಳಿದಿರುವ ಇಂತಹ ಉಪಕರಣಗಳಲ್ಲಿ ಅತ್ಯುತ್ತಮವಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಲವು ಮಸೂರಗಳನ್ನು ಜೋಡಿಸಿದ ಅಂದಿನ ದೊಡ್ಡ ಸೂಕ್ಷ್ಮದರ್ಶಕಗಳಲ್ಲಿ ಮಬ್ಬಾಗಿ ಕಾಣುತ್ತಿದ್ದುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ತಮ್ಮ ಜೀವಿತದಲ್ಲಿ ಅವರು 500ಕ್ಕೂ ಮಿಕ್ಕಿ ಮಸೂರಗಳನ್ನು ಮಾಡಿದರು.

1673ರಲ್ಲಿ, ಅಂದರೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಸಿಂಹಾಸನವನ್ನೇರಿದ ವರ್ಷ, ಡೆಲ್ಫ್ಟ್‌ನ ವೈದ್ಯ ರೈನಿಯರ್ ಡಿ ಗ್ರಾಫ್ ಅವರು ಈ ವ್ಯಾಪಾರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪರಿಚಯಿಸಿದರು. ಅಂದಿನಿಂದ ಸಾಯುವವರೆಗೆ, ಐವತ್ತು ವರ್ಷಗಳ ಕಾಲ, ಲೀವೆನ್‌ಹಾಕರು ಆ ಸಂಸ್ಥೆಗೆ ಪತ್ರಗಳನ್ನು ಬರೆದರು. ಅವರು ಪುಸ್ತಕ ಬರೆಯಲು ಕುಳಿತವರಲ್ಲ. ಪತ್ರಗಳೇ ಅವರ ಗ್ರಂಥಗಳು. ಎಲ್ಲವೂ ಡಚ್ ಭಾಷೆಯಲ್ಲಿ, ಪೇಟೆಯ ಜನ ಆಡುವ ಸರಳ ಮಾತಿನಲ್ಲಿ. ತಾವು ಭಾಷೆಗಳನ್ನಾಗಲೀ ಶಾಸ್ತ್ರಗಳನ್ನಾಗಲೀ ಕಲಿತು ಬೆಳೆದವರಲ್ಲ, ವ್ಯಾಪಾರದಲ್ಲಿ ಬೆಳೆದವರು ಎಂಬ ಸಂಕೋಚವನ್ನು ಅವರೇ ತೋಡಿಕೊಂಡಿದ್ದರು. ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ ಅವರಿಗೆ ಡಚ್ ಬರುತ್ತಿತ್ತು. ಅವರು ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

1674ರಲ್ಲಿ ಊರ ಹತ್ತಿರದ ಕೆರೆಯೊಂದರ ನೀರಿನಲ್ಲಿ ಲೀವೆನ್‌ಹಾಕರಿಗೆ ಓಡಾಡುವ ಕಿರುಜೀವಿಗಳು ಕಾಣಿಸಿದವು. ಬಳಿಕ ಕರಿಮೆಣಸಿನ ಸರದಿ. ಮೆಣಸು ನಾಲಗೆಗೆ ಖಾರವಾಗುವುದೇಕೆ ಎಂದು ತಿಳಿಯುವ ಕುತೂಹಲದಿಂದ ಅವರು ಮೆಣಸಿನ ಕಾಳುಗಳನ್ನು ನೀರಿನಲ್ಲಿ ನೆನೆಹಾಕಿದ್ದರು. ಈ ಮೆಣಸಿನ ವ್ಯಾಪಾರಕ್ಕಾಗಿಯೇ ಡಚ್ಚರು 1663ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕೊಚ್ಚಿಯನ್ನು ವಶಪಡಿಸಿಕೊಂಡಿದ್ದರೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಖಾರದ ಕಾರಣ ಸಿಗಲಿಲ್ಲ. ಬದಲಿಗೆ ಆ ನೀರಿನಲ್ಲಿ ಹಿಂದೆ ಕಂಡವುಗಳಿಗಿಂತಲೂ ಕಿರಿದಾದ ಜೀವಿಗಳು ಗುಂಪುಗುಂಪಾಗಿ ಚಲಿಸುತ್ತಿದ್ದವು. ಇಂದು ನಾವು ಬ್ಯಾಕ್ಟೀರಿಯಾ ಎನ್ನುವ ಜೀವಿಗಳನ್ನು ಮಾನವನು ಕಂಡ ಮೊದಲ ದಾಖಲೆ ಅದು. 1676ರ ಅಕ್ಟೋಬರ್ 9ರ ಪತ್ರದಲ್ಲಿ ಅವರು ಈ ಸಂಗತಿಯನ್ನು ವಿವರಿಸಿದರು. ಅಳತೆಗೆ ಮರಳಿನ ಕಣ, ತಲೆಗೂದಲು ಮುಂತಾದ ಎಲ್ಲರಿಗೂ ತಿಳಿದ ವಸ್ತುಗಳನ್ನೇ ಬಳಸಿಕೊಂಡರು.

ಲಂಡನ್ನಿನ ಪಂಡಿತರು ನಂಬಲಿಲ್ಲ. ಲೀವೆನ್‌ಹಾಕರು ಕೋಪಿಸಿಕೊಂಡು ಸುಮ್ಮನಾಗಲಿಲ್ಲ. ಪಾದ್ರಿಗಳೂ ನೋಟರಿಯೂ ಸೇರಿದಂತೆ ಎಂಟು ಮಂದಿ ಗಣ್ಯರನ್ನು ಮನೆಗೆ ಕರೆದು, ಕಣ್ಣಾರೆ ತೋರಿಸಿ, ಅವರಿಂದ ಸಾಕ್ಷಿಪತ್ರಗಳನ್ನು ಬರೆಯಿಸಿ ಕಳುಹಿಸಿದರು. 1677ರ ನವೆಂಬರಿನಲ್ಲಿ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಹುಕ್ ಅವರೇ ಪ್ರಯೋಗವನ್ನು ಮಾಡಿ ಸೊಸೈಟಿಯ ಸದಸ್ಯರ ಮುಂದೆ ಆ ಜೀವಿಗಳನ್ನು ತೋರಿಸಿದರು. 1680ರಲ್ಲಿ ಲ್ಯಾಟಿನ್ ಬಾರದ ಆ ಬಟ್ಟೆ ವ್ಯಾಪಾರಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಬಾಯಿಯೊಳಗಿನ ಸಂಶೋಧನೆ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. 1683ರ ಸೆಪ್ಟೆಂಬರ್ 17ರಂದು ಬರೆದ ಪತ್ರದಲ್ಲಿ ಲೀವೆನ್‌ಹಾಕರು ತಮ್ಮ ಹಲ್ಲುಗಳ ವಿಚಾರವನ್ನು ತಿಳಿಸುತ್ತಾರೆ. ಆಗ ಅವರಿಗೆ ಐವತ್ತು ವರ್ಷ ದಾಟಿತ್ತು. ಪ್ರತಿದಿನ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜಿ ನೀರಿನಿಂದ ಬಾಯಿ ಮುಕ್ಕಳಿಸುವುದು, ಊಟದ ನಂತರ ಕಡ್ಡಿಯಿಂದ ಹಿಂಬದಿಯ ಹಲ್ಲುಗಳ ಸಂದುಗಳನ್ನು ಬಿಡಿಸುವುದು, ಬಟ್ಟೆಯಿಂದ ಬಲವಾಗಿ ಒರೆಸುವುದು ಅವರ ದಿನಚರಿ. ನಮ್ಮ ತಳಿ, ದೇನ್ಕನಿಕೋಟೆ, ಅಂಚೆಟ್ಟಿಯ ಕಡೆಯ ಅಜ್ಜಂದಿರು ಬೇವಿನ ಕಡ್ಡಿ ಅಗಿದು, ಉಪ್ಪು ಹಾಕಿ ತಿಕ್ಕುತ್ತಿದ್ದ ಪದ್ಧತಿಗೆ ಇದು ಎಷ್ಟು ಹತ್ತಿರದ್ದೆಂಬುದನ್ನು ಓದುಗರೇ ಗಮನಿಸಲಿ. ತಮ್ಮ ವಯಸ್ಸಿನವರಲ್ಲಿ ಇಷ್ಟು ಶುಭ್ರವಾದ ಹಲ್ಲುಗಳುಳ್ಳವರು ವಿರಳವೆಂದೂ, ಎಷ್ಟು ಗಟ್ಟಿಯಾಗಿ ಉಜ್ಜಿದರೂ ಒಸಡಿನಿಂದ ರಕ್ತ ಬರುವುದಿಲ್ಲವೆಂದೂ ಅವರಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಆದರೂ ಕನ್ನಡಿಯಲ್ಲಿ ನೋಡಿಕೊಂಡಾಗ ಹಲ್ಲುಗಳ ಸಂದುಗಳಲ್ಲಿ ಬಿಳಿಯ ಹಿಟ್ಟಿನಂತಹ ವಸ್ತುವೊಂದು ಉಳಿದಿರುವುದು ಅವರ ಕಣ್ಣಿಗೆ ಬಿತ್ತು. ಅದನ್ನು ಕೆರೆದು ತೆಗೆದು, ಜೀವಿಗಳಿಲ್ಲವೆಂದು ಮೊದಲೇ ಪರೀಕ್ಷಿಸಿದ್ದ ಶುದ್ಧ ಮಳೆನೀರಿನೊಡನೆ ಬೆರೆಸಿ ಮಸೂರದಡಿ ಇಟ್ಟರು. ಆ ಚಿಟಿಕೆ ಪಾಚಿಯಲ್ಲಿ ಜೀವಿಗಳು ತುಂಬಿತುಳುಕುತ್ತಿದ್ದವು. ಕೆಲವು ನೀರಿನಲ್ಲಿ ಮೀನು ನುಗ್ಗುವಂತೆ ರಭಸದಿಂದ ಸಾಗುತ್ತಿದ್ದವು. ಕೆಲವು ಬುಗುರಿಯಂತೆ ಗಿರ್ರನೆ ತಿರುಗುತ್ತಿದ್ದವು. ಇನ್ನು ಕೆಲವು ನುಸಿಗಳ ಹಿಂಡಿನಂತೆ ಒಂದರೊಳಗೊಂದು ಮುಸುರುತ್ತಿದ್ದವು. ಅವುಗಳ ಆಕಾರಗಳ ಚಿತ್ರಗಳನ್ನು ಪತ್ರದೊಡನೆ ಕಳುಹಿಸಿದರು. ಇಂದಿನ ಸೂಕ್ಷ್ಮಜೀವಿ ವಿಜ್ಞಾನಿಗಳು ಆ ಚಿತ್ರಗಳನ್ನು ನೋಡಿ ದಂಡಾಕಾರದ, ದುಂಡಗಿನ, ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಗುರುತಿಸುತ್ತಾರೆ.

ಒಬ್ಬನ ಬಾಯಿಯನ್ನು ನೋಡಿ ಲೋಕಕ್ಕೆಲ್ಲ ತೀರ್ಪು ಕೊಡುವುದು ಸರಿಯಲ್ಲವೆಂದು ಅವರು ಬಲ್ಲವರಾಗಿದ್ದರು. ನಿತ್ಯ ಹಲ್ಲುಜ್ಜುವ ಇಬ್ಬರು ಮಹಿಳೆಯರ ಪಾಚಿಯನ್ನು ಪರೀಕ್ಷಿಸಿದರು. ಹುಟ್ಟಿದಂದಿನಿಂದ ಹಲ್ಲನ್ನೇ ಉಜ್ಜದ ವೃದ್ಧನೊಬ್ಬನ ಬಾಯಿಯಿಂದಲೂ ಸ್ವಲ್ಪ ಪಾಚಿಯನ್ನು ಬೇಡಿ ಪಡೆದರು. ಅದರಲ್ಲಿದ್ದ ಜೀವಿಗಳ ದಟ್ಟಣೆಯನ್ನು ಕಂಡು ಬೆರಗಾದರು. ತಮ್ಮ ದೇಶದಲ್ಲಿರುವ ಒಟ್ಟು ಜನರಿಗಿಂತ ಹೆಚ್ಚು ಜೀವಿಗಳು ತಮ್ಮೊಬ್ಬರ ಬಾಯಲ್ಲಿವೆಯೆಂಬ ನಿರ್ಣಯಕ್ಕೆ ಬಂದರು.

ಅನಂತರ ಅವರು ಮಾಡಿದ ಪರೀಕ್ಷೆ ನಮಗೆ ಇನ್ನೂ ಮಹತ್ವದ್ದಾಗಿ ತೋರುತ್ತದೆ. ದ್ರಾಕ್ಷಾರಸದ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದರು. ಆಮೇಲೂ ಪಾಚಿಯೊಳಗೆ ಜೀವಿಗಳು ಬದುಕಿದ್ದವು. ಆದರೆ ಪಾಚಿಯನ್ನು ಹೊರತೆಗೆದು ನೇರವಾಗಿ ವಿನೆಗರ್ ಬೆರೆಸಿದಾಗ ಅವು ಸತ್ತವು. ವಿನೆಗರ್ ಪಾಚಿಯ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ, ಒಳಕ್ಕೆ ಇಳಿಯುವುದಿಲ್ಲ ಎಂದು ಅವರು ತರ್ಕಿಸಿದರು. ಸೂಕ್ಷ್ಮಜೀವಿಗಳು ಒಟ್ಟುಗೂಡಿ ಅಂಟಾದ ಪೊರೆಯೊಳಗೆ ಅಡಗಿ ಔಷಧದಿಂದ ರಕ್ಷಣೆ ಪಡೆಯುತ್ತವೆಂಬ ಈ ಸಂಗತಿಯನ್ನು ವಿಜ್ಞಾನ ಲೋಕವು ವಿಸ್ತಾರವಾಗಿ ಅಧ್ಯಯನ ಮಾಡಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಬಾಯಿ ಮುಕ್ಕಳಿಸುವ ದ್ರವವೊಂದನ್ನೇ ನೆಚ್ಚಿಕೊಂಡು ಹಲ್ಲುಜ್ಜುವುದನ್ನು ಬಿಡಬಾರದೆಂದು ಇಂದಿನ ದಂತವೈದ್ಯರು ಹೇಳುವುದರ ಹಿಂದೆ ಇದೇ ತತ್ತ್ವವಿದೆ.

1692ರಲ್ಲಿ ಮತ್ತೆ ನೋಡಿದಾಗ ಮುಂದಿನ ಹಲ್ಲುಗಳ ಪಾಚಿಯಲ್ಲಿ ಜೀವಂತ ಜೀವಿಗಳೇ ಇರಲಿಲ್ಲ. ಲೀವೆನ್‌ಹಾಕರು ಯೋಚಿಸಿದರು. ಆಗ ಅವರು ಬೆಳಿಗ್ಗೆ ಬಿಸಿಬಿಸಿ ಕಾಫಿ ಕುಡಿಯುವ ರೂಢಿಯನ್ನಿಟ್ಟುಕೊಂಡಿದ್ದರು. ಕಾಫಿಯ ಶಾಖ ತಟ್ಟದ ಹಿಂಬದಿಯ ದವಡೆ ಹಲ್ಲುಗಳ ಪಾಚಿಯನ್ನು ತೆಗೆದು ನೋಡಿದರು. ಅಲ್ಲಿ ಜೀವಿಗಳು ಎಂದಿನಂತೆ ಓಡಾಡುತ್ತಿದ್ದವು. ಒಂದು ಸಂಗತಿ ಎದುರಾದಾಗ ಅದರ ಕಾರಣವನ್ನು ಊಹಿಸಿ, ಊಹೆ ನಿಜವೋ ಸುಳ್ಳೋ ಎಂದು ಇನ್ನೊಂದು ಕಡೆ ಪರೀಕ್ಷಿಸುವ ಈ ಕ್ರಮವನ್ನು ನಾವು ತರಗತಿಯಲ್ಲಿ ವೈಜ್ಞಾನಿಕ ವಿಧಾನವೆಂದು ಕಪ್ಪುಹಲಗೆಯ ಮೇಲೆ ಬರೆದು ಕಲಿಸುತ್ತೇವೆ. ಅವರು ಅದನ್ನು ಬೆಳಗಿನ ಕಾಫಿಯಿಂದ ಕಲಿತರು.

ಒಂದು ಕೊರತೆ, ಮತ್ತು ಅಂತ್ಯ

ಮಹನೀಯರ ಜೀವನದಲ್ಲಿಯೂ ಕೊರತೆಗಳಿರುತ್ತವೆ. ಲೀವೆನ್‌ಹಾಕರು ತಮ್ಮ ಅತ್ಯುತ್ತಮ ಮಸೂರಗಳನ್ನು ಮಾಡುವ ವಿಧಾನವನ್ನು ಯಾರಿಗೂ ಹೇಳಿಕೊಡಲಿಲ್ಲ. ತರುಣರಿಗೆ ಈ ವಿದ್ಯೆಯನ್ನು ಕಲಿಸಬೇಕೆಂದು ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ ಅವರು ಬರೆದು ಸೂಚಿಸಿದರೂ ಒಪ್ಪಲಿಲ್ಲ. ಪರಿಣಾಮವಾಗಿ ಅವರ ತರುವಾಯ ಸೂಕ್ಷ್ಮಜೀವಿಗಳ ಅಧ್ಯಯನವು ನೂರು ವರ್ಷಗಳಿಗೂ ಹೆಚ್ಚು ಕಾಲ ಕುಂಟುತ್ತ ಸಾಗಿತು. 2021ರಲ್ಲಿ ನ್ಯೂಟ್ರಾನ್ ಕಿರಣಗಳ ನೆರವಿನಿಂದ ಅವರ ಉಪಕರಣದೊಳಗನ್ನು ಪರೀಕ್ಷಿಸಿದ ಬಳಿಕವಷ್ಟೇ, ಅತಿ ಶಕ್ತಿಯುತವಾದ ಆ ಮಸೂರವನ್ನು ಗಾಜನ್ನು ಕರಗಿಸಿ ಮಣಿಯಾಗಿಸುವ ವಿಧಾನದಿಂದ ಮಾಡಲಾಗಿತ್ತೆಂದು ತಿಳಿದುಬಂದಿತು. ಪಾಠ ಹೇಳುವುದೇ ವೃತ್ತಿಯಾಗಿರುವ ನಮಗೆ ಅವರ ಈ ಮೌನ ಬೇಸರ ತರುತ್ತದೆ. ಕಲಿತದ್ದನ್ನು ಮುಂದಿನವರಿಗೆ ದಾಟಿಸದಿದ್ದರೆ ನಷ್ಟ ಎಷ್ಟೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ.

ರಷ್ಯಾದ ಚಕ್ರವರ್ತಿ ಮಹಾ ಪೀಟರ್ 1698ರಲ್ಲಿ ಲೀವೆನ್‌ಹಾಕರನ್ನು ಭೇಟಿಯಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಸಂತೋಷಪಟ್ಟನು. ಖ್ಯಾತಿ ಬಂದರೂ ಲೀವೆನ್‌ಹಾಕರು ಡೆಲ್ಫ್ಟ್ ಬಿಡಲಿಲ್ಲ. ಕೊನೆಯ ದಿನಗಳಲ್ಲಿಯೂ ತಮ್ಮ ದೇಹಕ್ಕೆ ಬಂದ ರೋಗವನ್ನೇ ಗಮನಿಸಿ ವಿವರಿಸುತ್ತಿದ್ದರು. 1723ರ ಆಗಸ್ಟ್ 26ರಂದು, ತೊಂಬತ್ತು ವರ್ಷ ತುಂಬಿದ ಜೀವ ನಿಂತಿತು. ವಿವಾಹವಾಗದೆ ತಂದೆಯನ್ನು ನೋಡಿಕೊಂಡಿದ್ದ ಮಗಳು ಮರಿಯಾ, ತಂದೆಯ ಇಚ್ಛೆಯಂತೆ 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆ ಕಳುಹಿಸಿಕೊಟ್ಟರು. ಅವು ಮುಂದಿನ ಶತಮಾನದಲ್ಲಿ ಕಾಣೆಯಾದವು.

ಅವರು ತೆರೆದ ದಾರಿಯಲ್ಲಿ

ಬಾಯಿಯ ಆ ಕಿರುಜೀವಿಗಳಿಗೂ ಹಲ್ಲಿನ ರೋಗಗಳಿಗೂ ಸಂಬಂಧವಿದೆಯೆಂದು ಲೀವೆನ್‌ಹಾಕರು ಹೇಳಲಿಲ್ಲ. ಅದನ್ನು ಕಾಣಲು ಎರಡು ಶತಮಾನಗಳು ಬೇಕಾದವು. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ವಿಲೊಬಿ ಮಿಲ್ಲರ್ ಅವರು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಯಿಯ ಬ್ಯಾಕ್ಟೀರಿಯಾಗಳು ಸಿಹಿ ಮತ್ತು ಹಿಟ್ಟಿನ ಪದಾರ್ಥಗಳನ್ನು ಹುಳಿಸಿ ಆಮ್ಲವನ್ನು ಉಂಟುಮಾಡುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ ಎಂದು ತೋರಿಸಿದರು. ಹಲ್ಲಿನೊಳಗೆ ಹುಳುವಿದೆಯೆಂಬ ಹಳೆಯ ನಂಬಿಕೆಗೆ ಉತ್ತರ ಸಿಕ್ಕಿತು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಅವರೂ ಸಂಗಡಿಗರೂ ಆರೋಗ್ಯವಂತ ಸ್ವಯಂಸೇವಕರಿಗೆ ಹಲ್ಲುಜ್ಜದಿರುವಂತೆ ಹೇಳಿದರು. ಮೂರು ವಾರಗಳೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಒಸಡು ಮೊದಲಿನ ಸ್ಥಿತಿಗೆ ಮರಳಿತು.

ಮೆದುವಾದ ಪಾಚಿಯನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳು ಅದರಲ್ಲಿ ಇಳಿದು ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರದಂತೆ ಎನ್ನಬಹುದು. ದಂತವೈದ್ಯರು ಇದನ್ನು ಕ್ಯಾಲ್ಕ್ಯುಲಸ್ ಅಥವಾ ಟಾರ್ಟರ್ ಎನ್ನುತ್ತಾರೆ. ಜೊಲ್ಲಿನ ಗ್ರಂಥಿಗಳು ತೆರೆದುಕೊಳ್ಳುವ ಜಾಗಗಳಲ್ಲಿ, ಅಂದರೆ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಯಲ್ಲಿ, ಇದು ಹೆಚ್ಚು. ಒಮ್ಮೆ ಗಟ್ಟಿಯಾದ ಮೇಲೆ ಬ್ರಷ್ಷಿಗಾಗಲೀ ಉಪ್ಪಿಗಾಗಲೀ ಅದು ಬಗ್ಗುವುದಿಲ್ಲ. ವೈದ್ಯರ ಉಪಕರಣದಿಂದಲೇ ತೆಗೆಯಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ಪೋಷಕರಲ್ಲಿ ಇಂದಿಗೂ ಇದೆ. ಹಲ್ಲನ್ನು ಸಡಿಲಗೊಳಿಸುವುದು ಒಸಡಿನ ರೋಗ. ಗಾರೆಯಂತೆ ತುಂಬಿಕೊಂಡಿದ್ದ ಪಾಚಿ ಹೋದಾಗ ಆ ಸಡಿಲ ನಮ್ಮ ಅರಿವಿಗೆ ಬರುತ್ತದೆ, ಅಷ್ಟೆ. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯಂತೂ ಬಾಯಿಯ ಕ್ಯಾನ್ಸರಿಗೆ ಕರೆ. ಕಡಲೆಯಿದ್ದಾಗ ಹಲ್ಲಿಲ್ಲದ ಮುಪ್ಪನ್ನು ನಾವೇ ತಂದುಕೊಳ್ಳಬಾರದು.

ಈ ಗಟ್ಟಿ ಪಾಚಿ ಸತ್ತ ಮೇಲೂ ಸಾವಿರಾರು ವರ್ಷ ಉಳಿಯುತ್ತದೆ. ಪುರಾತನ ಅಸ್ಥಿಪಂಜರಗಳ ಹಲ್ಲಿನಿಂದ ಅದನ್ನು ತೆಗೆದು, ಆ ಜನ ಏನನ್ನು ತಿಂದರು, ಅವರ ಬಾಯಲ್ಲಿ ಯಾವ ಸೂಕ್ಷ್ಮಜೀವಿಗಳಿದ್ದವು ಎಂಬುದನ್ನು ಇಂದು ಓದಲಾಗುತ್ತಿದೆ. 2019ರಲ್ಲಿ ಜರ್ಮನಿಯ ಡಾಲ್ಹೈಮ್ ಎಂಬಲ್ಲಿನ ಮಧ್ಯಯುಗದ ಮಠದ ಸಮಾಧಿಯಲ್ಲಿ ದೊರೆತ ಮಹಿಳೆಯೊಬ್ಬಳ ಹಲ್ಲಿನ ಪಾಚಿಯಲ್ಲಿ ನೀಲಿ ಬಣ್ಣದ ಕಣಗಳು ಕಂಡವು. ಅಫ್ಘಾನಿಸ್ತಾನದ ಬೆಲೆಬಾಳುವ ನೀಲಿ ಕಲ್ಲಿನಿಂದ ತಯಾರಾದ ಬಣ್ಣವದು. ಗ್ರಂಥಗಳಿಗೆ ಚಿತ್ರ ಬರೆಯುವಾಗ ಆಕೆ ಕುಂಚದ ತುದಿಯನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದಿರಬೇಕೆಂದು ಸಂಶೋಧಕರು ಊಹಿಸಿದ್ದಾರೆ. ಹೆಸರೂ ಉಳಿಯದ ಒಬ್ಬ ವಿದ್ಯಾವಂತೆಯ ಕೈಕೆಲಸಕ್ಕೆ ಅವಳ ಹಲ್ಲೇ ಸಾಕ್ಷಿ ನುಡಿಯಿತು.

ನಮ್ಮ ಋಣ

ಈಗ ನಾವು ಮೊದಲು ಹೇಳಿದ ಋಣದ ಮಾತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾವು ಸಹಶಿಕ್ಷಕಿಯಾಗಿದ್ದ ಕಾಲದಲ್ಲಿ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಉಗುರು ಮತ್ತು ಹಲ್ಲುಗಳನ್ನು ನೋಡುವ ಕೆಲಸ ನಮ್ಮದಾಗಿತ್ತು. ಏಳನೆಯ ತರಗತಿಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು. ಧರ್ಮಪುರಿಯ ಕಡೆಯ ಹಳ್ಳಿಯವಳು. ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಹಲ್ಲುಜ್ಜದೆ ಬರುತ್ತಾಳೆಂದು ಭಾವಿಸಿ ನಾವು ಅವಳನ್ನು ಸಾಲಿನ ಮುಂದೆ ನಿಲ್ಲಿಸಿ ಗದರಿದೆವು. ಮರುದಿನವೂ ಕಲೆ ಹೋಗಿರಲಿಲ್ಲ, ಮರುದಿನವೂ ಗದರಿದೆವು. ಆ ಮಗು ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಒಸಡಿನಲ್ಲಿ ರಕ್ತ ಬರುವಂತೆ ತಿಕ್ಕಿಕೊಂಡಳು. ಕ್ರಮೇಣ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ರೂಢಿಸಿಕೊಂಡಳು. ತರಗತಿಯಲ್ಲಿ ಉತ್ತರ ತಿಳಿದಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಗೆ ಬಂದ ದಂತವೈದ್ಯರು ಅವಳ ಬಾಯಿ ನೋಡಿ, ಚಿಕ್ಕಂದಿನಲ್ಲಿ ಯಾವ ಊರಿನ ನೀರು ಕುಡಿದೆಯೆಂದು ಕೇಳಿದರು. ಅವಳ ಮನೆಯವರು ಕೊಳವೆಬಾವಿಯ ನೀರು ಕುಡಿದವರು. ಧರ್ಮಪುರಿ ಮತ್ತು ಕೃಷ್ಣಗಿರಿ ಸೀಮೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಆಗಬಹುದು ಎಂಬುದು ನಮ್ಮ ದೇಶದ ಮಾನದಂಡ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಒಳಸೇರಿದರೆ ಹಲ್ಲಿನ ಹೊದಿಕೆಯಲ್ಲಿಯೇ ಕಲೆ ಬೀಳುತ್ತದೆ. ಅದು ಕೊಳೆಯಲ್ಲ, ಪಾಚಿಯೂ ಅಲ್ಲ, ಉಜ್ಜಿದರೆ ಹೋಗುವಂಥದ್ದಲ್ಲ. ಈ ತೊಂದರೆಯ ನಿವಾರಣೆಗಾಗಿಯೇ ಹೊಗೇನಕಲ್ಲಿನ ಕಾವೇರಿ ನೀರನ್ನು ಎರಡೂ ಜಿಲ್ಲೆಗಳಿಗೆ ಒದಗಿಸುವ ಯೋಜನೆ ಜಪಾನಿನ ಸಾಲದ ನೆರವಿನಿಂದ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು.

ವೈದ್ಯರು ಕೇಳಿದ ಆ ಒಂದು ಪ್ರಶ್ನೆಯನ್ನು ನಾವು ಅಷ್ಟು ತಿಂಗಳು ಕೇಳಿರಲಿಲ್ಲ. ನಾವು ಎಂ.ಎ., ಬಿ.ಎಡ್. ಓದಿದ್ದೆವು, ಪ್ರತಿದಿನವೂ ಆ ಹಲ್ಲುಗಳನ್ನು ಕಣ್ಣಾರೆ ನೋಡುತ್ತಿದ್ದೆವು. ಆದರೂ ನೋಡಿರಲಿಲ್ಲ. ಲೀವೆನ್‌ಹಾಕರು ಒಬ್ಬ ಮುದುಕನ ಕೊಳಕು ಬಾಯಿಯನ್ನು ಕಂಡಾಗ ಹಂಗಿಸಲಿಲ್ಲ. ಒಂದಿಷ್ಟು ಪಾಚಿ ಬೇಡಿ ತಂದು, ಅದರಲ್ಲೇನಿದೆಯೆಂದು ನೋಡಿದರು. ಅವರ ಜೀವನವನ್ನು ಓದಿದಾಗಲೆಲ್ಲ ಆ ಹುಡುಗಿಯ ಬಾಯಿ ಮುಚ್ಚಿದ ಕೈ ನಮ್ಮ ಕಣ್ಣಮುಂದೆ ಬರುತ್ತದೆ. ಇಂದು ಅವಳು ಎಲ್ಲಿದ್ದಾಳೋ, ತಾಯಿಯಾಗಿದ್ದಾಳೋ ನಾವರಿಯೆವು. ಈ ಸಂಚಿಕೆ ಎಂದಾದರೂ ಅವಳ ಕೈಸೇರಿದರೆ, ಇದನ್ನು ತನ್ನ ಗುರುವಿನ ತಪ್ಪೊಪ್ಪಿಗೆಯೆಂದು ಸ್ವೀಕರಿಸಲಿ.

ಕೊನೆಯದಾಗಿ ಪೋಷಕರಲ್ಲಿ ಒಂದು ವಿನಂತಿ. ಹೊಸೂರು ಕಾರ್ಖಾನೆಗಳ ಊರಾಗಿ ಬೆಳೆದಂತೆ, ಕನ್ನಡದಲ್ಲಿ ಓದಿದ ಮಗು ಹಿಂದುಳಿಯುತ್ತದೆಯೆಂಬ ಆತಂಕ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ಮನೆಯ ನುಡಿ ವಿದ್ಯೆಗೆ ಸಲ್ಲದೆಂದು ಭಾವಿಸಲಾಗುತ್ತಿದೆ. ನಮ್ಮ ಮಕ್ಕಳು ತಮಿಳನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಓಲ್ಡನ್‌ಬರ್ಗ್ ಅವರಂತಹ ಬಹುಭಾಷಾ ಬಲ್ಲವರಿಲ್ಲದಿದ್ದರೆ ಲೀವೆನ್‌ಹಾಕರ ಪತ್ರಗಳು ಡೆಲ್ಫ್ಟ್‌ನಲ್ಲಿಯೇ ಉಳಿಯುತ್ತಿದ್ದವು. ಆದರೆ ಕಂಡದ್ದನ್ನು ಕಂಡಂತೆ ಹೇಳಲು, ಏಕೆ ಎಂದು ಕೇಳಲು ಮಗುವಿಗೆ ಮೊದಲು ಬೇಕಾದದ್ದು ಅದರ ಮನೆಯ ಮಾತು. ಬುಗುರಿಯಂತೆ ತಿರುಗುವ, ನುಸಿಯಂತೆ ಮುಸುರುವ ಜೀವಿಗಳನ್ನು ಆ ವ್ಯಾಪಾರಿ ಲೋಕಕ್ಕೆ ತೋರಿಸಿದ್ದು ತನ್ನ ಪೇಟೆಯ ಮಾತಿನಲ್ಲಿಯೇ. ನೂರು ವರ್ಷಗಳಿಂದ ಈ ಗಡಿಯೂರಿನಲ್ಲಿ ನಮ್ಮ ಶಾಲೆ ಮಕ್ಕಳಿಗೆ ಆ ಮಾತನ್ನು ಕೊಡುತ್ತ ಬಂದಿದೆ. ಇನ್ನು ಮುಂದೆಯೂ ಅದನ್ನು ಕೊಡುವ, ಮಕ್ಕಳನ್ನು ಗದರುವ ಮುನ್ನ ಒಮ್ಮೆ ಸರಿಯಾಗಿ ನೋಡುವ ಶಿಕ್ಷಕರು ಈ ಶಾಲೆಗೆ ಸದಾ ದೊರೆಯಲೆಂದು ಹಾರೈಸುತ್ತೇವೆ.